ಪ್ರೊವಾನ್ಸ್‌ನ ಲುಬೆರೋಂ ಬೆಟ್ಟಸೀಮೆಯಲ್ಲಿ ವಾಹನಗಳ ಕಾಟವಿಲ್ಲದ ಸೈಕಲ್ ಪ್ರವಾಸ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಫ್ರಾನ್ಸಿನ ಆಗ್ನೇಯದಲ್ಲಿರುವ ಲುಬೆರೋಂ ಬೆಟ್ಟಸಾಲಿಗೆ ಸೈಕಲ್ ತುಳಿಯಲೆಂದೇ ಹೋಗಿ, ಅರ್ಧಕ್ಕೆ ಕೈಬಿಟ್ಟು ಕಾರು ಬಾಡಿಗೆಗೆ ಹಿಡಿದು ಊರು ನೋಡಿ ಬಂದವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಲಾರಿಗಳು ಮೈಗೆ ತಾಗುವಂತೆ ಹಾದುಹೋದವು, ಮಧ್ಯಾಹ್ನ ಎರಡರ ಮೇಲೆ ಎಲ್ಲಿಯೂ ಊಟ ಸಿಗಲಿಲ್ಲ, ಎದುರುಗಾಳಿಯಲ್ಲಿ ಹೆಜ್ಜೆ ಮುಂದೆ ಹೋಗಲಿಲ್ಲ, ಎರಡನೆಯ ದಿನಕ್ಕೇ ಮೊಣಕಾಲು ಹಿಡಿದುಕೊಂಡಿತು. ಇವರಲ್ಲಿ ಬಹಳಷ್ಟು ಮಂದಿ ದುರ್ಬಲರೇನಲ್ಲ; ವಾರಕ್ಕೊಮ್ಮೆ ನೂರು ಕಿ.ಮೀ. ತುಳಿಯುವವರೂ ಇದ್ದಾರೆ. ತಪ್ಪು ಇರುವುದು ಯೋಜನೆಯ ಕ್ರಮದಲ್ಲಿ. ಮೊದಲು ಚಿತ್ರದಲ್ಲಿ ಕಂಡ ಊರುಗಳನ್ನು ಪಟ್ಟಿ ಮಾಡಿ, ಆ ಊರುಗಳಲ್ಲಿ ಕೋಣೆ ಕಾಯ್ದಿರಿಸಿ, ಕಡೆಗೆ ಅವುಗಳ ನಡುವಣ ರಸ್ತೆಯನ್ನು ಫೋನಿನ ನಕ್ಷೆಗೆ ಬಿಟ್ಟುಬಿಡುತ್ತಾರೆ. ಈ ಕ್ರಮವನ್ನು ಪೂರ್ತಿಯಾಗಿ ತಿರುಗಿಸಬೇಕು: ಮೊದಲು ರಸ್ತೆ, ಆಮೇಲೆ ಏರಿನ ಲೆಕ್ಕ, ಆಮೇಲೆ ತಿಂಗಳು ಮತ್ತು ಗಾಳಿ, ಅದಾದ ಮೇಲೆಯೇ ಊರು ಮತ್ತು ಕೋಣೆ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ದಯವಿಟ್ಟು ನಡುವಿನಿಂದ ಓದಲು ಆರಂಭಿಸಬೇಡಿ.

ಹಂತ 1: ರಸ್ತೆಯನ್ನು ಮೊದಲು ಗೊತ್ತು ಮಾಡಿಕೊಳ್ಳಿ

ಲುಬೆರೋಂ ಬೆಟ್ಟಸಾಲು ಪೂರ್ವ–ಪಶ್ಚಿಮವಾಗಿ ಚಾಚಿಕೊಂಡಿದೆ. ಅದರ ಉತ್ತರಕ್ಕೆ ಕಲಾವೋಂ ಹೊಳೆಯ ಕಣಿವೆ, ದಕ್ಷಿಣಕ್ಕೆ ದ್ಯುರಾನ್ಸ್ ನದಿಯ ಬಯಲು. ಅತಿ ಎತ್ತರದ ಶಿಖರ ಮೂರ್ ನೆಗ್ರ್, 1,125 ಮೀಟರ್. ಈ ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಂಡರೆ ಉಳಿದ ಎಲ್ಲ ನಿರ್ಧಾರಗಳೂ ಸುಲಭವಾಗುತ್ತವೆ.

ಉತ್ತರದ ಕಣಿವೆಯಲ್ಲಿ ಹಿಂದೆ ಕವಾಯೋಂ ಪಟ್ಟಣದಿಂದ ಆಪ್ತ್ ಪಟ್ಟಣಕ್ಕೆ ರೈಲು ಓಡುತ್ತಿತ್ತು. ಆ ಹಳಿಯ ಜಾಗದಲ್ಲಿ ಈಗ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ, ಡಾಂಬರು ಹಾಕಿದ ಸೈಕಲ್ ದಾರಿಯಿದೆ. ಇದನ್ನು ಕಲಾವೋಂ ವೆಲೊರೂಟ್ ಎನ್ನುತ್ತಾರೆ. ಉದ್ದ 35 ಕಿ.ಮೀ.ಗೂ ಹೆಚ್ಚು. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಏರು ಎಲ್ಲಿಯೂ ಕಾಲಿಗೆ ಭಾರವೆನಿಸುವುದಿಲ್ಲ. ಪಶ್ಚಿಮದಲ್ಲಿ ರೊಬಿಯೋಂ ಮತ್ತು ಕುಸ್ತೆಲೆ, ನಡುವೆ ರೋಮನ್ನರು ಕಟ್ಟಿದ ಮೂರು ಕಮಾನಿನ ಪೋಂ ಜ್ಯೂಲಿಯಾಂ ಸೇತುವೆ, ಪೂರ್ವದಲ್ಲಿ ಆಪ್ತ್ ಹಾಗೂ ಅದರಾಚೆಯ ಹೊಲಗದ್ದೆಗಳು ಇದರ ಮೇಲೆಯೇ ಅಥವಾ ಪಕ್ಕದಲ್ಲೇ ಸಿಗುತ್ತವೆ. ಕ್ರಿಸ್ತಪೂರ್ವ 3ರ ಆ ಸೇತುವೆಯ ಮೇಲೆ 2005ರವರೆಗೂ ಕಾರುಗಳು ಓಡುತ್ತಿದ್ದವು. ಈಗ ಅದು ನಡೆಯುವವರಿಗೆ ಮತ್ತು ಸೈಕಲ್ಲಿಗೆ ಮಾತ್ರ.

ಈ ಹಸಿರು ದಾರಿಯನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳಿ. ಬೆಟ್ಟದ ಮೇಲಿನ ಪ್ರತಿಯೊಂದು ಊರಿಗೂ ಇದರಿಂದ ಹೊರಟು ಇದಕ್ಕೇ ಮರಳುವಂತೆ ದಾರಿ ಎಳೆಯಿರಿ. ದಣಿದಾಗ, ಮಳೆ ಬಂದಾಗ, ಹೊತ್ತು ಮೀರಿದಾಗ ಮರಳಲು ವಾಹನವಿಲ್ಲದ ಒಂದು ದಾರಿ ಸದಾ ಕೆಳಗಿರುತ್ತದೆ ಎಂಬ ಭರವಸೆ ಹೊಸಬರಿಗೆ ಬಹಳ ದೊಡ್ಡದು.

ನಂತರ ದೂರವಿಡಬೇಕಾದ ರಸ್ತೆಗಳನ್ನು ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಿಂದ ಹೊಡೆದು ಹಾಕಿ. ಕಣಿವೆಯುದ್ದಕ್ಕೂ ಆಪ್ತ್ ಕಡೆಗೆ ಹೋಗುವ ಡಿ900, ದಕ್ಷಿಣದ ಬಯಲಿನಲ್ಲಿ ಸಾಗುವ ಡಿ973, ಬೆಟ್ಟಸಾಲನ್ನು ನಡುವೆ ಸೀಳಿಕೊಂಡು ಲೂರ್ಮರಾಂ ಕಡೆಗೆ ಇಳಿಯುವ ಡಿ943. ಮೂರನೆಯದರ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ನಕ್ಷೆಯಲ್ಲಿ ಅದು ಉತ್ತರದಿಂದ ದಕ್ಷಿಣಕ್ಕೆ ದಾಟುವ ಚೊಕ್ಕ ಒಳದಾರಿಯಂತೆ ಕಾಣುತ್ತದೆ. ನಿಜದಲ್ಲಿ ಅದು ಬಂಡೆಗಳ ನಡುವೆ ಕಿರಿದಾಗಿ ತಿರುಗುವ, ಅಂಚಿನಲ್ಲಿ ಜಾಗವಿಲ್ಲದ, ಬೆಟ್ಟ ದಾಟುವ ಕಾರುಗಳೆಲ್ಲ ಬಳಸುವ ರಸ್ತೆ. ಸೈಕಲ್ಲಿನಲ್ಲಿ ದಕ್ಷಿಣಕ್ಕೆ ಹೋಗಬೇಕೆಂದರೆ ಬೆಟ್ಟಸಾಲಿನ ಪೂರ್ವದ ತುದಿಯನ್ನೋ ಪಶ್ಚಿಮದ ತುದಿಯನ್ನೋ ಸುತ್ತಿಕೊಂಡೇ ಹೋಗಿ.

ಮಿಶೆಲಿನ್ ಕಂಪನಿಯ ಕಾಗದದ ನಕ್ಷೆ ಈ ಕೆಲಸಕ್ಕೆ ಇಂದಿಗೂ ಫೋನಿಗಿಂತ ವಾಸಿ. ಅದರಲ್ಲಿ ಕೆಂಪು ಗೆರೆ ಹೆದ್ದಾರಿ, ಹಳದಿ ಗೆರೆ ನಡುತರದ ರಸ್ತೆ, ಬಿಳಿ ಗೆರೆ ಹಳ್ಳಿ ರಸ್ತೆ. ನಿಮಗೆ ಬೇಕಿರುವುದು ಬಿಳಿ ಗೆರೆಗಳು. ಪಕ್ಕದಲ್ಲಿ ಹಸಿರು ಅಂಚು ಇರುವ ರಸ್ತೆಯನ್ನು ಶಾಂತವಾದ ರಸ್ತೆಯೆಂದು ಎಣಿಸುವುದು ಬಹು ಸಾಮಾನ್ಯವಾದ ತಪ್ಪು. ಹಸಿರು ಅಂಚು ಹೇಳುವುದು ಅಲ್ಲಿನ ನೋಟ ಚೆನ್ನಾಗಿದೆ ಎಂದು ಮಾತ್ರ, ಹಾಗಾಗಿ ಪ್ರವಾಸಿಗರ ಕಾರುಗಳೂ ಅಲ್ಲೇ ಹೆಚ್ಚು. ರಸ್ತೆಗೆ ಅಡ್ಡಲಾಗಿ ಕಾಣುವ ಬಾಣದ ಗುರುತುಗಳು ಏರನ್ನು ಸೂಚಿಸುತ್ತವೆ: ಒಂದು ಬಾಣ 5ರಿಂದ 9 ಪ್ರತಿಶತ, ಎರಡು 9ರಿಂದ 13, ಮೂರು ಅದಕ್ಕೂ ಮೇಲೆ. ಬಾಣದ ಮೊನೆ ಏರಿನ ದಿಕ್ಕಿಗೆ ಇರುತ್ತದೆ.

ಫೋನಿನ ನಕ್ಷೆಯನ್ನು ಬಳಸಲೇಬಾರದೆಂದಲ್ಲ. ಆದರೆ ಅದು ಹತ್ತಿರದ ದಾರಿಯನ್ನು ಹುಡುಕುವ ಭರದಲ್ಲಿ ಒಮ್ಮೆ ಡಿ900ಕ್ಕೆ ತಳ್ಳುತ್ತದೆ, ಇನ್ನೊಮ್ಮೆ ಕಲ್ಲುಬಂಡೆಯ ಕಾಲುದಾರಿಗೆ ಇಳಿಸುತ್ತದೆ. ಮರ ಮತ್ತು ಗೋಡೆಗಳ ಮೇಲೆ ಬಿಳಿ–ಕೆಂಪು ಪಟ್ಟಿ ಕಂಡರೆ ಅದು ದೂರ ನಡೆಯುವವರ ದಾರಿ. ಸಾಮಾನು ಹೊತ್ತ ಸೈಕಲ್ ಅಲ್ಲಿಗಲ್ಲ. ಮನೆಯಲ್ಲೇ ಕುಳಿತು ದಾರಿಯನ್ನು ಎಳೆದು, ಫೋನಿಗೆ ಫೈಲಾಗಿ ಇಳಿಸಿಕೊಂಡು, ಅಲ್ಲಿ ಅದನ್ನೇ ಅನುಸರಿಸಿ.

ಹಂತ 2: ದಿನದ ಅಳತೆಯನ್ನು ಏರಿನಿಂದ ಮಾಡಿ, ದೂರದಿಂದಲ್ಲ

ಇಲ್ಲಿನ ಮಧ್ಯಕಾಲದ ಊರುಗಳು ರಕ್ಷಣೆಗಾಗಿ ಗುಡ್ಡದ ನೆತ್ತಿಯಲ್ಲಿ ಕಟ್ಟಿಕೊಂಡವು. ಒಂದು ಊರಿನಿಂದ ಮುಂದಿನ ಊರು ಕಣ್ಣೆದುರೇ ಕಾಣುತ್ತದೆ, ನಕ್ಷೆಯಲ್ಲಿ ಆರು ಕಿ.ಮೀ. ಎಂದಿರುತ್ತದೆ. ಆದರೆ ನಡುವೆ ಕಣಿವೆಗೆ ಇಳಿದು ಮತ್ತೆ ಅಷ್ಟೇ ಏರಬೇಕು. ಮೆನೆರ್ಬ್, ಲಾಕೋಸ್ತ್, ಬೊನ್ಯೂ ಈ ಮೂರು ಊರುಗಳು ಒಂದರ ಪಕ್ಕ ಒಂದು ಇದ್ದರೂ ಅವು ಮೂರು ಪ್ರತ್ಯೇಕ ಏರುಗಳೆಂದೇ ಲೆಕ್ಕ ಹಿಡಿಯಿರಿ. ಒಂದು ದಿನಕ್ಕೆ ಗುಡ್ಡದ ಮೇಲಿನ ಊರು ಎರಡು, ಹೆಚ್ಚೆಂದರೆ ಮೂರು.

ಸಾಮಾನಿನೊಡನೆ ಸಾವಕಾಶವಾಗಿ ತುಳಿಯುವವರಿಗೆ ನಾನು ಕೊಡುವ ಲೆಕ್ಕ ಹೀಗಿದೆ. ಸಮತಟ್ಟಿನಲ್ಲಿ ಗಂಟೆಗೆ 15 ಕಿ.ಮೀ. ಎಂದು ಹಿಡಿದು, ದಿನದ ಒಟ್ಟು ಏರಿನ ಪ್ರತಿ 100 ಮೀಟರಿಗೂ 15 ನಿಮಿಷ ಕೂಡಿಸಿ. 45 ಕಿ.ಮೀ. ದೂರ, 700 ಮೀಟರ್ ಏರು ಇರುವ ದಿನಕ್ಕೆ ಮೂರು ಗಂಟೆಯ ಮೇಲೆ ಒಂದೂಮುಕ್ಕಾಲು ಗಂಟೆ, ಒಟ್ಟು ನಾಲ್ಕೂಮುಕ್ಕಾಲು ಗಂಟೆಯ ತುಳಿತ. ಊಟ, ನೀರು, ಊರು ನೋಡುವುದಕ್ಕೆ ಎರಡೂವರೆ ಗಂಟೆ ಸೇರಿಸಿದರೆ ಬೆಳಿಗ್ಗೆ ಎಂಟಕ್ಕೆ ಹೊರಟವರು ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಕೋಣೆ ಸೇರುತ್ತಾರೆ. ಈ ಲೆಕ್ಕದಲ್ಲಿ ಸಂಜೆ ಆರು ದಾಟುವ ದಿನ ಬಂದರೆ ಒಂದು ಊರನ್ನು ಕಡಿಮೆ ಮಾಡಿ. ಮೊದಲ ಎರಡು ದಿನಗಳಲ್ಲಿ 800 ಮೀಟರಿಗಿಂತ ಹೆಚ್ಚು ಏರು ಬೇಡ.

ಹಂತ 3: ತಿಂಗಳು, ಗಾಳಿ, ಕಾಡುಬೆಂಕಿ

ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ, ಮತ್ತೆ ಸೆಪ್ಟೆಂಬರ್ ತಿಂಗಳು, ಇವು ಸೈಕಲ್ಲಿಗೆ ಒಳ್ಳೆಯ ಕಾಲ. ಲ್ಯಾವೆಂಡರ್ ಹೂವಿನ ಆಸೆಗೆ ಜುಲೈಯಲ್ಲಿ ಹೋಗುವವರು ಬಿಸಿಲನ್ನೂ ಜನಸಂದಣಿಯನ್ನೂ ಜೊತೆಗೇ ಪಡೆಯುತ್ತಾರೆ; ಮಧ್ಯಾಹ್ನದ ತಾಪ 35 ಡಿಗ್ರಿ ದಾಟುವುದು ಅಲ್ಲಿ ಅಪರೂಪವಲ್ಲ. ಜೂನ್ ಮೂರನೆಯ ವಾರ ಈ ಎರಡರ ನಡುವಣ ಸಮಾಧಾನದ ಆಯ್ಕೆ. ಶರತ್ಕಾಲದಲ್ಲಿ ಹೋದರೆ ಮೆಡಿಟರೇನಿಯನ್ ಕಡೆಯಿಂದ ಬರುವ ರಭಸದ ಮಳೆಗೆ ಒಂದು ದಿನ ಖಾಲಿ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಕಾಡುಬೆಂಕಿಯ ಅಪಾಯ ಹೆಚ್ಚಾದ ದಿನಗಳಂದು ಬೆಟ್ಟದ ಕಾಡುಗಳಿಗೆ ಪ್ರವೇಶವನ್ನೇ ನಿಷೇಧಿಸುತ್ತಾರೆ. ಜಿಲ್ಲಾಡಳಿತ ಹಿಂದಿನ ದಿನ ಸಂಜೆ ಅಂತರ್ಜಾಲದಲ್ಲಿ ಪ್ರಕಟಿಸುವ ನಕ್ಷೆಯನ್ನು ನೋಡಿಯೇ ಮರುದಿನದ ದಾರಿ ನಿರ್ಧರಿಸಿ. ಬೆಟ್ಟಸೀಮೆ ಎರಡು ಜಿಲ್ಲೆಗಳಿಗೆ ಸೇರಿದೆ: ಆಪ್ತ್ ಮತ್ತು ಬೊನ್ಯೂ ಇರುವುದು ವೋಕ್ಲ್ಯೂಸ್ ಜಿಲ್ಲೆಯಲ್ಲಿ, ಫೋರ್ಕಾಲ್ಕಿಯೆ ಮತ್ತು ಮನೋಸ್ಕ್ ಇರುವುದು ಆಲ್ಪ್–ದ–ಓತ್–ಪ್ರೊವಾನ್ಸ್ ಜಿಲ್ಲೆಯಲ್ಲಿ. ಒಂದರ ನಕ್ಷೆ ನೋಡಿ ಇನ್ನೊಂದಕ್ಕೆ ಹೊರಡಬೇಡಿ.

ಇನ್ನು ಮಿಸ್ತ್ರಾಲ್. ರೋನ್ ನದಿಯ ಕಣಿವೆಯಿಂದ ನುಗ್ಗುವ ಈ ಒಣಗಾಳಿ ಉತ್ತರ, ವಾಯವ್ಯ ದಿಕ್ಕಿನಿಂದ ಬೀಸುತ್ತದೆ. ಹಿಡಿದರೆ ಕೆಲವೊಮ್ಮೆ ಮೂರು ನಾಲ್ಕು ದಿನ ಬಿಡುವುದಿಲ್ಲ. ಆಕಾಶ ತೊಳೆದಿಟ್ಟಂತೆ ನೀಲಿಯಾಗಿ, ದೂರದ ಮೋಂ ವೋಂತು ಶಿಖರ ಹತ್ತಿರವಿದ್ದಂತೆ ಕಾಣುವ ದಿನವನ್ನು ಒಳ್ಳೆಯ ಹವೆಯೆಂದು ನಂಬಿ ಹೊರಟವರೇ ಹೆಚ್ಚು. ಕಲಾವೋಂ ಕಣಿವೆಯಲ್ಲಿ ಈ ಗಾಳಿ ಪಶ್ಚಿಮದ ಕಡೆಯಿಂದ ಹಾಯುವುದರಿಂದ ಪೂರ್ವಕ್ಕೆ ಹೋಗುವವರಿಗೆ ಬೆನ್ನುಗಾಳಿ, ಪಶ್ಚಿಮಕ್ಕೆ ಹೋಗುವವರಿಗೆ ಎದುರುಗಾಳಿ. ನಿಯಮ ಸರಳ: ಬೆಳಿಗ್ಗೆ ಗಾಳಿ ಏಳುವ ಮೊದಲು ಪಶ್ಚಿಮಕ್ಕೆ ಹೋಗಿ, ಮಧ್ಯಾಹ್ನ ಪೂರ್ವಕ್ಕೆ ಮರಳಿ. ಬಲವಾದ ಗಾಳಿಯ ದಿನ ಬೆಟ್ಟದ ನೆತ್ತಿಯ ದಾರಿಗಳಿಗೆ ಹೋಗಬೇಡಿ. ಅಡ್ಡಗಾಳಿಯ ಒಂದು ಹೊಡೆತ ಚೀಲ ತುಂಬಿದ ಸೈಕಲ್ಲನ್ನು ಮಾರುದ್ದ ಪಕ್ಕಕ್ಕೆ ಸರಿಸಬಲ್ಲದು.

ಹಂತ 4: ತಂಗುವ ಊರು

ಈ ಮೂರು ಹಂತ ಮುಗಿದ ಮೇಲೆಯೇ ಕೋಣೆ ಹುಡುಕಿ. ಮೊದಲ ಬಾರಿ ಹೋಗುವವರು ದಿನಕ್ಕೊಂದು ಊರು ಬದಲಿಸದೆ ಆಪ್ತ್ ಪಟ್ಟಣದಲ್ಲೇ ನಾಲ್ಕು ರಾತ್ರಿ ಉಳಿಯುವುದು ಉತ್ತಮ. ಅದು ಹಸಿರು ದಾರಿಯ ಮೇಲೆಯೇ ಇದೆ, ಅಂಗಡಿ, ಔಷಧಾಲಯ, ಸೈಕಲ್ ರಿಪೇರಿ ಎಲ್ಲವೂ ಇವೆ, ಸಾಮಾನನ್ನು ಕೋಣೆಯಲ್ಲೇ ಬಿಟ್ಟು ಹಗುರವಾಗಿ ತುಳಿಯಬಹುದು. ಗುಡ್ಡದ ತುದಿಯ ಊರಿನಲ್ಲಿ ಕೋಣೆ ಹಿಡಿದರೆ ಪ್ರತಿ ಸಂಜೆಯೂ ದಣಿದ ಕಾಲಿನಲ್ಲಿ ಕೊನೆಯ ಏರು ಕಾದಿರುತ್ತದೆ.

‘ಆಕ್ಯೈ ವೆಲೊ’ ಎಂಬ ಫಲಕವಿರುವ ವಸತಿಗೃಹಗಳನ್ನು ಹುಡುಕಿ. ಇದು ಫ್ರಾನ್ಸಿನಾದ್ಯಂತ ಇರುವ ಮಾನ್ಯತೆ. ಗುರುತು ಹಾಕಿದ ಸೈಕಲ್ ದಾರಿಯಿಂದ 5 ಕಿ.ಮೀ. ಒಳಗೆ ಇರಬೇಕು, ಸೈಕಲ್ ಇಡಲು ಭದ್ರವಾದ ಜಾಗ ಮತ್ತು ರಿಪೇರಿಯ ಸಲಕರಣೆ ಕೊಡಬೇಕು ಎಂಬುದು ಅದರ ಷರತ್ತುಗಳಲ್ಲಿ ಸೇರಿದೆ. ‘ಸೈಕಲ್ ಇಡಲು ಜಾಗವಿದೆ’ ಎಂಬ ಉತ್ತರಕ್ಕೆ ತೃಪ್ತರಾಗದೆ, ಆ ಜಾಗಕ್ಕೆ ಬಾಗಿಲು ಬೀಗ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ಅವಿನ್ಯೋಂ ಟಿಜಿವಿ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಸುಮಾರು ಎರಡೂಮುಕ್ಕಾಲು ಗಂಟೆ. ಅಲ್ಲಿಂದ ಊರೊಳಗಿನ ಅವಿನ್ಯೋಂ ಸಾಂತ್ರ್ ನಿಲ್ದಾಣಕ್ಕೆ ಚಿಕ್ಕ ರೈಲು, ಅಲ್ಲಿಂದ ಕವಾಯೋಂಗೆ ಟಿಇಆರ್ ಎಂಬ ಪ್ರಾದೇಶಿಕ ರೈಲು. ಆಪ್ತ್‌ಗೆ ಪ್ರಯಾಣಿಕರ ರೈಲಿಲ್ಲ, ಬಸ್ಸು ಹಿಡಿಯಬೇಕು.

ಹಂತ 5: ಸೈಕಲ್ ಮತ್ತು ಸಲಕರಣೆ

ಇಲ್ಲಿಂದ ಸೈಕಲ್ ಕಳಚಿ ಪೆಟ್ಟಿಗೆಯಲ್ಲಿ ಒಯ್ಯುವುದಕ್ಕಿಂತ ಅಲ್ಲೇ ಬಾಡಿಗೆಗೆ ಪಡೆಯುವುದು ಒಳ್ಳೆಯದು. ಆಪ್ತ್, ಬೊನ್ಯೂ, ಲೂರ್ಮರಾಂ, ಕವಾಯೋಂ ಸುತ್ತಮುತ್ತ ಬಾಡಿಗೆ ಅಂಗಡಿಗಳಿವೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಬ್ರ್ಯಾಂಡ್ ಯಾವುದೆಂದಲ್ಲ, ಅತಿ ಹಗುರದ ಗೇರ್ ಯಾವುದೆಂದು. ಮುಂದಿನ ಸಣ್ಣ ಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡ ಚಕ್ರದಲ್ಲಿ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 7.7 ಕಿ.ಮೀ. ಒಂಬತ್ತು ಪ್ರತಿಶತದ ಏರಿನಲ್ಲಿ ಸಾಮಾನ್ಯ ದೇಹಶಕ್ತಿಯವರಿಗೆ ಇದೇ ಮಿತಿ. ಮುಂದೆ 39, ಹಿಂದೆ 25 ಹಲ್ಲಿರುವ ಹಳೆಯ ರೇಸಿಂಗ್ ಸೈಕಲ್ಲಿನಲ್ಲಿ ಅದೇ 60 ಸುತ್ತು ತುಳಿಯಲು ಗಂಟೆಗೆ 12 ಕಿ.ಮೀ. ವೇಗ ಬೇಕಾಗುತ್ತದೆ. ಅದು ಆಗದೆ, ನಿಮಿಷಕ್ಕೆ 35 ಸುತ್ತಿನಂತೆ ಭಾರವಾಗಿ ಒತ್ತುವುದರಿಂದಲೇ ಎರಡನೆಯ ದಿನಕ್ಕೆ ಮೊಣಕಾಲು ನೋಯುವುದು. ಅತಿ ಹಗುರದ ಗೇರಿನಲ್ಲೂ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಇರುವ ಅನುಪಾತ ಒಂದಕ್ಕಿಂತ ಹೆಚ್ಚಿರುವ ಸೈಕಲ್ಲನ್ನು, ಅದು ಎಷ್ಟೇ ಹಗುರವಾಗಿದ್ದರೂ, ಬೇಡವೆನ್ನಿ. ಟೈರು 32ರಿಂದ 40 ಮಿ.ಮೀ. ಅಗಲವಿರಲಿ.

ವಿದ್ಯುತ್ ಸೈಕಲ್ ಬಳಸುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಅರವತ್ತು ದಾಟಿದ ದಂಪತಿಗಳು ಈ ಸೀಮೆಯನ್ನು ನೆಮ್ಮದಿಯಿಂದ ನೋಡಬೇಕೆಂದರೆ ಅದೇ ಸರಿಯಾದ ಆಯ್ಕೆ. ಯುರೋಪಿನ ನಿಯಮದಂತೆ ಮೋಟಾರಿನ ನೆರವು ಗಂಟೆಗೆ 25 ಕಿ.ಮೀ.ಗೆ ನಿಲ್ಲುತ್ತದೆ. 500 ವಾಟ್–ಅವರ್ ಬ್ಯಾಟರಿ ಇದ್ದರೆ, ಕಡಿಮೆ ನೆರವಿನ ಮಟ್ಟದಲ್ಲಿ ಇಟ್ಟುಕೊಂಡಾಗ, 800ರಿಂದ 1,000 ಮೀಟರ್ ಏರಿನ ದಿನ ಸಾಗುತ್ತದೆ. ಬೆಳಿಗ್ಗೆಯಿಂದಲೇ ಪೂರ್ಣ ನೆರವಿನಲ್ಲಿ ಓಡಿಸಿ, ಕೊನೆಯ ಏರಿನಲ್ಲಿ ಬ್ಯಾಟರಿ ಖಾಲಿಯಾದ ಭಾರದ ಸೈಕಲ್ಲನ್ನು ನೂಕುವುದು ಪದೇ ಪದೇ ಕಾಣುವ ತಪ್ಪು.

ಜೊತೆಯಲ್ಲಿ ಇರಲೇಬೇಕಾದವು: ಬಹುಪಯೋಗಿ ಕೀಲಿ, ಎರಡು ಟ್ಯೂಬು, ಟೈರ್ ಲಿವರ್, ತೇಪೆ, ಸಣ್ಣ ಪಂಪು, ಸರಪಳಿಯ ಕೊಂಡಿ, ಬೀಗ, ಮುಂದೆ–ಹಿಂದೆ ದೀಪ, ಗಂಟೆ, ಪ್ರತಿಫಲಿಸುವ ಅಂಗಿ. ದೀಪ ಮತ್ತು ಗಂಟೆ ಅಲ್ಲಿನ ಕಾನೂನಿನಂತೆ ಕಡ್ಡಾಯ. ಊರ ಹೊರಗೆ ಕತ್ತಲಲ್ಲಿ ಅಥವಾ ಮಬ್ಬಿನಲ್ಲಿ ಪ್ರತಿಫಲಿಸುವ ಅಂಗಿಯೂ ಕಡ್ಡಾಯ. ಹೆಲ್ಮೆಟ್ 12 ವರ್ಷದೊಳಗಿನವರಿಗೆ ಕಡ್ಡಾಯ, ಉಳಿದವರಿಗೆ ಅಲ್ಲ; ಆದರೂ ಇಳಿಜಾರುಗಳನ್ನು ನೆನೆದು ಎಲ್ಲರೂ ಹಾಕಿಕೊಳ್ಳಿ. ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ತುಳಿದರೆ 135 ಯೂರೋ ದಂಡ. ಬಾಡಿಗೆ ಸೈಕಲ್ಲಿನ ಟ್ಯೂಬಿಗೆ ಬಹುತೇಕ ತೆಳುವಾದ ಪ್ರೆಸ್ಟಾ ವಾಲ್ವ್ ಇರುತ್ತದೆ; ಇಲ್ಲಿಂದ ಒಯ್ದ ಪಂಪು ಅದಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ.

ಹಂತ 6: ಹೊರಡುವ ಮುನ್ನ

ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು; ಕಡೆಯ ಗಡುವು 15 ದಿನ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಆ ವಿಮೆಯಲ್ಲಿ ಸೈಕಲ್ ಪ್ರವಾಸ ಸೇರಿದೆಯೇ, ಇನ್ನೊಬ್ಬರಿಗೆ ಹಾನಿಯಾದರೆ ಭರಿಸುತ್ತದೆಯೇ ಎಂಬ ಎರಡು ಅಂಶಗಳನ್ನು ಲಿಖಿತವಾಗಿ ಪಡೆದುಕೊಳ್ಳಿ.

ಅಭ್ಯಾಸಕ್ಕೆ ಬೆಂಗಳೂರಿನವರಿಗೆ ನಂದಿಬೆಟ್ಟದ ಏರಿಗಿಂತ ಒಳ್ಳೆಯ ಜಾಗ ಬೇಡ. ಆದರೆ ಅದನ್ನು ವೇಗಕ್ಕಾಗಿ ಏರಬೇಡಿ. ಹಿಂದೆ ಕ್ಯಾರಿಯರ್ ಕಟ್ಟಿ, ಆರೇಳು ಕಿಲೋ ತೂಕ ಹಾಕಿ, ಅತಿ ಹಗುರದ ಗೇರಿನಲ್ಲಿ, ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಏರಿ. ಮರುದಿನವೂ ಸೈಕಲ್ ಹತ್ತಿ ಎರಡು ಗಂಟೆ ತುಳಿಯಿರಿ. ಒಂದು ದಿನ ತುಳಿಯಬಲ್ಲವರು ಬಹಳ ಮಂದಿ ಇದ್ದಾರೆ. ಪ್ರವಾಸಕ್ಕೆ ಬೇಕಿರುವುದು ಮರುದಿನದ ಕಾಲು.

ಹಂತ 7: ಮೊದಲ ದಿನ ಬೆಟ್ಟ ಬೇಡ

ಮೊದಲ ದಿನವನ್ನು ಹಸಿರು ದಾರಿಗೆ ಮಾತ್ರ ಮೀಸಲಿಡಿ. ನಮ್ಮವರಿಗೆ ಅಲ್ಲಿ ಎರಡು ಅಭ್ಯಾಸಗಳು ತಿರುಗಬೇಕಾಗುತ್ತದೆ. ಒಂದು, ರಸ್ತೆಯ ಬಲಬದಿ. ಇನ್ನೊಂದು ಬ್ರೇಕು, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಸ್ಕೂಟರ್, ಮೋಟಾರ್‌ಬೈಕುಗಳಲ್ಲಿ ಬಲಗೈಯ ಲಿವರ್ ಮುಂದಿನ ಬ್ರೇಕನ್ನು ಹಿಡಿಯುತ್ತದೆ. ಫ್ರಾನ್ಸಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎಡಗೈಯ ಲಿವರ್ ಮುಂದಿನದು. ಇಳಿಜಾರಿನಲ್ಲಿ ಗಾಬರಿಯಾಗಿ ಹಿಂದಿನ ಬ್ರೇಕೆಂದುಕೊಂಡು ಎಡಗೈ ಬಿಗಿದರೆ ಮುಂದಿನ ಗಾಲಿ ನಿಂತು ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರುತ್ತಾನೆ. ಅಂಗಡಿಯಲ್ಲೇ ಮುಂದಿನ ಗಾಲಿಯನ್ನು ಎತ್ತಿ ತಿರುಗಿಸಿ, ಒಂದೊಂದೇ ಲಿವರ್ ಒತ್ತಿ, ಯಾವುದು ಯಾವುದೆಂದು ಕಣ್ಣಾರೆ ನೋಡಿ. ಎಡ ಲಿವರಿಗೆ ಒಂದು ತುಂಡು ಬಣ್ಣದ ಟೇಪು ಸುತ್ತಿ. ನಂತರ ಖಾಲಿ ಮೈದಾನದಲ್ಲಿ ನಿಧಾನವಾಗಿ ಹೋಗುತ್ತ, ಕೈಗೆ ಹೊಸ ಅಭ್ಯಾಸ ಕೂರುವವರೆಗೆ ನಿಲ್ಲಿಸಿ ನಿಲ್ಲಿಸಿ ಕಲಿಯಿರಿ.

ಬಲಬದಿಯ ವಿಷಯದಲ್ಲಿ ತಪ್ಪುವುದು ವಾಹನಗಳಿರುವಾಗ ಅಲ್ಲ; ರಸ್ತೆ ಖಾಲಿ ಇರುವಾಗ, ಅದರಲ್ಲೂ ಊಟ ಮುಗಿಸಿ ಮತ್ತೆ ಹೊರಡುವಾಗ. ಪ್ರತಿ ಬಾರಿ ನಿಂತು ಹೊರಡುವಾಗಲೂ ಜೊತೆಯವರಿಗೆ ‘ಬಲಕ್ಕೆ’ ಎಂದು ಗಟ್ಟಿಯಾಗಿ ಹೇಳುವ ರೂಢಿ ಇಟ್ಟುಕೊಳ್ಳಿ. ಹಳ್ಳಿಗಳ ಒಳಗೆ, ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ, ಬಲಗಡೆಯ ಓಣಿಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು ಎಂಬುದನ್ನೂ ನೆನಪಿಡಿ.

ಹಂತ 8: ಬೆಟ್ಟದ ಊರುಗಳ ದಿನಗಳು

ಎರಡನೆಯ ದಿನ ಆಪ್ತ್‌ನಿಂದ ಹಸಿರು ದಾರಿಯಲ್ಲಿ ಪಶ್ಚಿಮಕ್ಕೆ ಪೋಂ ಜ್ಯೂಲಿಯಾಂವರೆಗೆ ಹೋಗಿ, ಅಲ್ಲಿಂದ ಎಡಕ್ಕೆ ತಿರುಗಿ ಬೊನ್ಯೂ ಏರಿ. ಐದಾರು ಕಿ.ಮೀ.ಗಳಲ್ಲಿ ಇನ್ನೂರು ಮೀಟರಿಗೂ ಮಿಕ್ಕಿದ ಏರಿದು. ಬಿಸಿಲು ಚುರುಕಾಗುವ ಮೊದಲೇ ಮುಗಿದಿರಬೇಕು. ಬೊನ್ಯೂನಿಂದ ಇಳಿದು ಲಾಕೋಸ್ತ್, ಅಲ್ಲಿಂದ ಮೆನೆರ್ಬ್, ಅಲ್ಲಿಂದ ಉತ್ತರಕ್ಕೆ ಇಳಿದು ಬೋಮೆತ್ ಬಳಿ ಮತ್ತೆ ಹಸಿರು ದಾರಿ ಸೇರಿ ಪೂರ್ವಕ್ಕೆ ಆಪ್ತ್. ಏರುಗಳೆಲ್ಲ ಬೆಳಿಗ್ಗೆಯೇ ಮುಗಿಯುತ್ತವೆ, ಗಾಳಿ ಎದ್ದರೆ ಮರಳುವಾಗ ಬೆನ್ನಿಗಿರುತ್ತದೆ. ಇದೇ ದಾರಿಯನ್ನು ಉಲ್ಟಾ ಮಾಡಿದವರು ಈ ಎರಡು ಅನುಕೂಲಗಳನ್ನೂ ಕಳೆದುಕೊಳ್ಳುತ್ತಾರೆ.

ಮೂರನೆಯ ದಿನ ಆಪ್ತ್‌ನ ಮೇಲೆಯೇ ಬಂಡೆಯ ತುದಿಯಲ್ಲಿ ಕುಳಿತಿರುವ ಸೆನ್ಯೋಂ. ದೂರ ಕಡಿಮೆ, ಏರು ಕಡಿದು. ಅಲ್ಲಿಂದ ಡಿ232 ರಸ್ತೆಯಲ್ಲಿ ಕ್ಲಪರೆದ್ ಪ್ರಸ್ಥಭೂಮಿಯ ಮೇಲೆ ಬೊನ್ಯೂ ಕಡೆಗೆ ಸಾಗಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಒಪ್ಪವಾಗಿಟ್ಟು ಕಟ್ಟಿದ ದುಂಡು ಗುಡಿಸಲುಗಳು, ಲ್ಯಾವೆಂಡರ್ ಸಾಲುಗಳು, ಓಕ್ ಮರದ ಕುರುಚಲು ಕಾಡು. ನನ್ನ ಮಟ್ಟಿಗೆ ಇಡೀ ಸೀಮೆಯಲ್ಲಿ ಇದಕ್ಕಿಂತ ಚೆಲುವಾದ ದಾರಿಯಿಲ್ಲ. ಆದರೆ ಮೇಲೆ ನೀರು ಸಿಗುವ ಜಾಗ ಇಲ್ಲವೆಂದೇ ತಿಳಿದು ಸೆನ್ಯೋಂನಲ್ಲಿ ಬಾಟಲಿ ತುಂಬಿಕೊಳ್ಳಿ.

ನಾಲ್ಕನೆಯ ದಿನಕ್ಕೆ, ಕಾಲಿನಲ್ಲಿ ಶಕ್ತಿಯಿದ್ದು ಬೆಂಕಿಯ ನಿಷೇಧ ಇಲ್ಲದಿದ್ದರೆ, ಬೊನ್ಯೂನ ಮೇಲಿನ ದೇವದಾರು ಕಾಡು. ಬೆಟ್ಟದ ನೆತ್ತಿಯಲ್ಲಿ ಕಾರು ನಿಲ್ಲಿಸುವ ಜಾಗದಿಂದ ಮುಂದೆ ಗೇಟು ಹಾಕಿದ ಡಾಂಬರು ರಸ್ತೆ ಮರಗಳ ನೆರಳಲ್ಲಿ ಸಾಗುತ್ತದೆ; ಹೋದ ದಾರಿಯಲ್ಲೇ ಮರಳಿ. ಗೋರ್ದ್ ಊರನ್ನು ನೋಡಲೇಬೇಕೆನ್ನುವವರು ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿಂದ ಇಳಿದಿರಬೇಕು. ಆ ಹೊತ್ತು ಕಳೆದರೆ ಅದರ ರಸ್ತೆ ಕಾರುಗಳದ್ದು.

ಊರ ಒಳಗೆ ಸೈಕಲ್ ಓಡಿಸುವ ಯತ್ನ ಬೇಡ. ಹಳೆಯ ಓಣಿಗಳಿಗೆ ಉರುಟು ಕಲ್ಲುಗಳನ್ನು ಅಂಚಿಗೆ ನಿಲ್ಲಿಸಿ ಹಾಸಿರುತ್ತಾರೆ, ನಡುವೆ ಮಳೆನೀರು ಹರಿಯುವ ಕಾಲುವೆಯಂಥ ತಗ್ಗು ಇರುತ್ತದೆ. ಶತಮಾನಗಳ ಕಾಲ ಸವೆದ ಆ ಕಲ್ಲು ಒದ್ದೆಯಾದರೆ ಬೂಟು ನಿಲ್ಲುವುದಿಲ್ಲ, ಟೈರಂತೂ ನಿಲ್ಲುವುದೇ ಇಲ್ಲ. ಕೆಳಗಿನ ಬಾಗಿಲ ಬಳಿ ಸೈಕಲ್ಲಿಗೆ ಬೀಗ ಹಾಕಿ ನಡೆದು ಹತ್ತಿ. ಓಪೆದ್–ಲ–ವ್ಯೂ ಊರಿನಲ್ಲಿ ಇದು ಇನ್ನೂ ಮುಖ್ಯ, ಮೇಲಿನ ಅರ್ಧ ಊರು ಪಾಳುಗೋಡೆ ಮತ್ತು ಮೆಟ್ಟಿಲು. ಪೆಡಲಿಗೆ ಸಿಕ್ಕಿಸುವ ಲೋಹದ ಕ್ಲೀಟ್ ಇರುವ ಬೂಟು ಈ ಪ್ರವಾಸಕ್ಕೆ ಹೊಂದುವುದಿಲ್ಲ.

ಹಂತ 9: ಊಟ ಮತ್ತು ನೀರು

ಹಳ್ಳಿಯ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಎರಡೂಕಾಲಕ್ಕೆ ಹೋದವರಿಗೆ ಅಡುಗೆಮನೆ ಮುಚ್ಚಿದೆ ಎಂಬ ಉತ್ತರ ಸಿಗುತ್ತದೆ, ಅದರಲ್ಲಿ ಅಗೌರವವೇನೂ ಇಲ್ಲ. ರಾತ್ರಿಯ ಊಟ ಏಳೂವರೆಗಿಂತ ಮೊದಲು ಅಪರೂಪ. ಸಣ್ಣ ಅಂಗಡಿಗಳು ಮಧ್ಯಾಹ್ನ ಮುಚ್ಚಿ ಮೂರು–ನಾಲ್ಕಕ್ಕೆ ತೆರೆಯುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ತೆರೆಯುವುದೇ ಇಲ್ಲ. ಬ್ರೆಡ್ ಅಂಗಡಿಗೂ ವಾರಕ್ಕೊಂದು ದಿನ ರಜೆ. ಆದ್ದರಿಂದ ಬೆಳಿಗ್ಗೆಯೇ ಬ್ರೆಡ್, ಹಣ್ಣು, ಬಾದಾಮಿ ಚೀಲಕ್ಕೆ ಸೇರಲಿ. ಶನಿವಾರ ಬೆಳಿಗ್ಗೆ ಆಪ್ತ್‌ನಲ್ಲಿ, ಶುಕ್ರವಾರ ಲೂರ್ಮರಾಂನಲ್ಲಿ, ಭಾನುವಾರ ಕುಸ್ತೆಲೆಯಲ್ಲಿ ಸಂತೆ. ಆ ದಿನ ಆ ಊರಿನ ರಸ್ತೆಗಳು ತುಂಬಿರುತ್ತವೆ, ತಿನ್ನಲು ಮಾತ್ರ ಬರವಿಲ್ಲ.

ಸಸ್ಯಾಹಾರಿಗಳು ಗಮನಿಸಬೇಕಾದುದು: ಆಲಿವ್ ಅರೆದು ಮಾಡುವ ತಾಪನಾದ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ, ಫುಗಾಸ್ ಎಂಬ ಬ್ರೆಡ್ಡಿನಲ್ಲಿ ಹಂದಿಮಾಂಸದ ಚೂರುಗಳಿರಬಹುದು. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ (ಮಾಂಸ ಬೇಡ, ಮೀನು ಬೇಡ) ಎಂದು ಎರಡನ್ನೂ ಹೇಳಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ತರಕಾರಿಗಳನ್ನು ಬೇಯಿಸಿ ಮಾಡುವ ರತತೂಯ್, ಓವನ್‌ನಲ್ಲಿ ಬೇಯಿಸಿದ ತರಕಾರಿಯ ತಿಯಾಂ, ಸಂತೆಯ ಹಣ್ಣು ನೆಚ್ಚಿಕೊಳ್ಳಬಹುದಾದವು.

ನೀರಿಗೆ ಊರ ಕಾರಂಜಿಗಳಿವೆ. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಕುಡಿಯಬೇಡಿ. ಒಬ್ಬೊಬ್ಬರಿಗೂ ಎರಡು ಬಾಟಲಿ, ಬಿಸಿಲಿನ ದಿನ ಮೂರು.

ಹಂತ 10: ಇಳಿಜಾರು, ದೇಹ ಮತ್ತು ದಾರಿ ಕೊಡುವ ಸೂಚನೆಗಳು

ಇಳಿಯುವಾಗ ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಸಡಿಲ ಬಿಡಿ. ಉದ್ದನೆಯ ಇಳಿಜಾರಿನಲ್ಲಿ ಸತತವಾಗಿ ಒತ್ತಿಹಿಡಿಯದೆ ಬಿಟ್ಟು ಬಿಟ್ಟು ಹಿಡಿಯಿರಿ. ಸುಟ್ಟ ವಾಸನೆ ಬಂದರೆ, ಲಿವರ್ ಹ್ಯಾಂಡಲ್ಲಿನ ಹತ್ತಿರದವರೆಗೆ ಬಂದರೆ, ಲೋಹ ಉಜ್ಜುವ ಸದ್ದು ಕೇಳಿದರೆ ತಕ್ಷಣ ನಿಂತು ನೋಡಿ. ಮಳೆ ಬಂದ ಮರುದಿನ ತಿರುವುಗಳ ಒಳಬದಿಯಲ್ಲಿ ಜಲ್ಲಿ ಕೊಚ್ಚಿ ಬಂದಿರುತ್ತದೆ.

ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಅಥವಾ ಗೇರ್ ಭಾರವಾಗಿದೆ. ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರವಾಗಿದೆ. ಒಮ್ಮೆಗೆ ಐದು ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಬಿಸಿಲಿನಲ್ಲಿ ತಲೆನೋವು, ಮೈಯಲ್ಲಿ ಚಳಿಗುಳ್ಳೆ, ವಾಕರಿಕೆ ಕಂಡರೆ ಊರು ತಲುಪುವವರೆಗೆ ಕಾಯದೆ ಅಲ್ಲೇ ನೆರಳಿಗೆ ಕುಳಿತು ಕುತ್ತಿಗೆಗೆ ನೀರು ಹಾಕಿಕೊಳ್ಳಿ. ಮಾತು ತೊದಲಿದರೆ, ಮನಸ್ಸು ಗೊಂದಲಗೊಂಡರೆ 112ಕ್ಕೆ ಕರೆ ಮಾಡಿ.

ದಾರಿಯೂ ಸೂಚನೆ ಕೊಡುತ್ತದೆ. ರಸ್ತೆಯ ನಡುವೆ ಬಿಳಿಗೆರೆ ಕಾಣಿಸಿತೆಂದರೆ, ಎದುರಿನಿಂದ ಲಾರಿ ಬರತೊಡಗಿದವೆಂದರೆ ನೀವು ಹಳ್ಳಿ ರಸ್ತೆ ಬಿಟ್ಟಿದ್ದೀರಿ. ಎರಡು ಕಿ.ಮೀ. ಸಾಗಿದರೂ ಸೈಕಲ್ ಚಿತ್ರದ ಫಲಕ ಸಿಗದಿದ್ದರೆ ಮುಂದೆ ಸಿಕ್ಕೀತೆಂದು ಹೋಗದೆ ಕೊನೆಯ ಫಲಕದವರೆಗೆ ಹಿಂತಿರುಗಿ.

ಹಂತ 11: ಪೂರ್ತಿ ಸುತ್ತು

ಮೊದಲ ನಾಲ್ಕು ದಿನ ಸರಾಗವಾಗಿ ಕಳೆದವರು, ಅಥವಾ ಎರಡನೆಯ ಬಾರಿ ಹೋಗುವವರು, ‘ಲುಬೆರೋಂ ಆ ವೆಲೊ’ ಎಂಬ ಗುರುತು ಹಾಕಿದ ಸುತ್ತನ್ನು ತೆಗೆದುಕೊಳ್ಳಬಹುದು. ಬೆಟ್ಟಸಾಲನ್ನು ಪೂರ್ತಿ ಬಳಸುವ ಇದರ ಉದ್ದ ಸುಮಾರು 240 ಕಿ.ಮೀ.; ಬಹುಪಾಲು ಸಣ್ಣ ಹಳ್ಳಿ ರಸ್ತೆಗಳು. ಐದು ದಿನಕ್ಕಿಂತ ಕಡಿಮೆಗೆ ಹಂಚಬೇಡಿ. ಒಂದು ದಿಕ್ಕಿಗೆ ಬಿಳಿ, ಇನ್ನೊಂದು ದಿಕ್ಕಿಗೆ ಕಾವಿ ಬಣ್ಣದ ಸಣ್ಣ ಫಲಕಗಳಿವೆ. ಕವಲಿನಲ್ಲಿ ಫಲಕ ಕಂಡ ಖುಷಿಗೆ ಬಣ್ಣ ನೋಡದೆ ತಿರುಗಿ, ಬಂದ ಕಡೆಗೇ ಹೋದವರಿದ್ದಾರೆ.

ಗಡಿಯಾರದ ದಿಕ್ಕಿನಲ್ಲೇ ಸುತ್ತಿ: ಕವಾಯೋಂ, ಆಪ್ತ್, ಫೋರ್ಕಾಲ್ಕಿಯೆ, ಮನೋಸ್ಕ್, ಲೂರ್ಮರಾಂ, ಮತ್ತೆ ಕವಾಯೋಂ. ಉತ್ತರದ ಪಾರ್ಶ್ವದಲ್ಲಿ ಗಾಳಿ ಬೆನ್ನಿಗಿರುತ್ತದೆ. ದಕ್ಷಿಣದಲ್ಲಿ ಪಶ್ಚಿಮಕ್ಕೆ ಮರಳುವಾಗ ಬೆಟ್ಟಸಾಲೇ ಉತ್ತರದ ಗಾಳಿಗೆ ಮರೆಯಾಗುತ್ತದೆ. ಆಪ್ತ್‌ನಿಂದ ಫೋರ್ಕಾಲ್ಕಿಯೆಯವರೆಗಿನ ದಿನವೇ ಎಲ್ಲಕ್ಕಿಂತ ಭಾರ, ಊರುಗಳ ನಡುವಣ ಅಂತರವೂ ಹೆಚ್ಚು; ಆ ದಿನದ ಊಟವನ್ನು ಚೀಲದಲ್ಲಿಟ್ಟುಕೊಂಡೇ ಹೊರಡಿ. ಸುತ್ತಿನ ನಡುವೆ ರೈಲು ಸಿಗುವುದು ಮನೋಸ್ಕ್‌ನಲ್ಲಿ, ಮಾರ್ಸೇಯ್ ಕಡೆಗೆ. ಮುಂದುವರಿಯಬೇಕೋ ಬೇಡವೋ ಎಂಬ ನಿರ್ಧಾರವನ್ನು ಅಲ್ಲಿಯೇ ಮಾಡಿ. ಅಲ್ಲಿಂದ ಹೊರಟ ಮೇಲೆ ಸುತ್ತಿನ ದಾರಿಯಲ್ಲೇ ಸಿಗುವ ಮುಂದಿನ ನಿಲ್ದಾಣಕ್ಕಾಗಿ ದಕ್ಷಿಣದ ಊರುಗಳಲ್ಲಿ ಬಹಳ ದೂರ ತುಳಿಯಬೇಕಾಗುತ್ತದೆ.